ಹಳೇ ಮಡಕೆ, ಹಳೇ ವಿಗ್ರಹ ಸಂಗ್ರಹಿಸಬೇಕಾ? ಮೊದಲು ಪೂರ್ವಾಪರ ವಿಚಾರಿಸಿ

‘ಹೊಲ ಉಳುವಾಗ ಕಪ್ಪು ಗಡಿಗೆಯೊಂದು ಸಿಕ್ಕಿದೆ, ಮನೇಲಿ ಇಟ್ಕೋಬಹುದಾ?’ ‘ಆನ್‌ಲೈನ್‌ನಲ್ಲಿ ಹರಪ್ಪ ಕಾಲದ ಮಣ್ಣಿನ ಗೊಂಬೆ ಕಡಿಮೆ ರೇಟಿಗೆ ಬಂದಿದೆ, ತಗೊಳ್ಳಲಾ?’ ‘ಅಜ್ಜಿ ಪೂಜೆ ಮಾಡುತ್ತಿದ್ದ ಕಂಚಿನ ಗಣಪತಿಯನ್ನು ಅಮೆರಿಕಕ್ಕೆ ಒಯ್ಯಬಹುದಾ?’

ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಇವೇ ಮೂರು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಅವಸರದಲ್ಲಿರುವವರಿಗೆ ಉತ್ತರ ಇಲ್ಲೇ ಇದೆ. ಹೊಲದಲ್ಲಿ ಸಿಕ್ಕಿದ್ದನ್ನು ಅಧಿಕಾರಿಗಳಿಗೆ ತಿಳಿಸದೆ ಇಟ್ಟುಕೊಳ್ಳಬೇಡಿ. ಆನ್‌ಲೈನ್ ಗೊಂಬೆ ಹೊಸದಾಗಿದ್ದರೆ ನಿಮ್ಮ ದುಡ್ಡು ಹೋಯಿತು, ನಿಜಕ್ಕೂ ಹಳೇದಾಗಿದ್ದರೆ ಪೊಲೀಸರು ಮನೆಗೆ ಬರಬಹುದು. ಗಣಪತಿಗೆ ನೂರು ವರ್ಷ ದಾಟಿದ್ದರೆ ದೇಶದ ಹೊರಗೆ ಒಯ್ಯುವ ಹಾಗಿಲ್ಲ, ಅದು ಅಜ್ಜಿಯದೇ ಆಗಿದ್ದರೂ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಕೈಯಲ್ಲಿ ಇರಬೇಕಾದ ಸಾಮಾನು ಜಾಸ್ತಿ ಇಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಳ್ಳೆ ಟಾರ್ಚು, ಅಳತೆಪಟ್ಟಿ, ಕ್ಯಾಮೆರಾ ಇರುವ ಫೋನು, ಹತ್ತಿ, ಡಿಸ್ಟಿಲ್ಡ್ ವಾಟರ್ ಮತ್ತು ರಟ್ಟು ಹಾಕಿದ ಒಂದು ದಪ್ಪ ನೋಟ್‌ಬುಕ್. ನೋಟ್‌ಬುಕ್ಕೇ ಎಲ್ಲಕ್ಕಿಂತ ಮುಖ್ಯ.

1. ಕಾನೂನು ಏನು ಹೇಳುತ್ತದೆ, ತಿಳಿದುಕೊಳ್ಳಿ

ಮುಖ್ಯವಾದದ್ದು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ. ಇದು 1976ರಲ್ಲಿ ಜಾರಿಗೆ ಬಂತು. ಕನಿಷ್ಠ ನೂರು ವರ್ಷ ಹಳೆಯದಾದ ಶಿಲ್ಪ, ನಾಣ್ಯ, ಚಿತ್ರ, ಕರಕುಶಲ ವಸ್ತು, ಚಾರಿತ್ರಿಕ ಆಸಕ್ತಿಯ ಯಾವುದೇ ವಸ್ತುವಾದರೂ ಈ ಕಾಯ್ದೆ ಪ್ರಕಾರ ‘ಪುರಾವಸ್ತು’. ಹಸ್ತಪ್ರತಿಗಳಿಗೆ 75 ವರ್ಷ ಸಾಕು.

ಭಾರತದೊಳಗೆ ಪುರಾವಸ್ತು ಹೊಂದಿರುವುದು ಅಪರಾಧ ಅಲ್ಲ. ತುಂಬಾ ಜನ ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. ಹೊಂದಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು, ಮತ್ತೊಬ್ಬರಿಗೆ ಕೊಡಬಹುದು. ಆದರೆ ಮೂರು ಕಟ್ಟುಪಾಡುಗಳಿವೆ. ಖಾಸಗಿಯವರು ಯಾರೂ ಹೊರದೇಶಕ್ಕೆ ಕಳಿಸುವಂತಿಲ್ಲ. ಕಳಿಸಿದರೆ ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಜೈಲು, ಜೊತೆಗೆ ದಂಡ. ಮಾರುವ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಇರಬೇಕು. ಕೆಲವು ಬಗೆಯ ವಸ್ತುಗಳನ್ನು ನೋಂದಣಿ ಮಾಡಿಸಲೇಬೇಕು.

ಎರಡನೆಯದು ನಿಧಿ ಕಾಯ್ದೆ. ಬ್ರಿಟಿಷರ ಕಾಲದ 1878ರ ಕಾಯ್ದೆ ಒಂದಿದೆ, ನಮ್ಮ ರಾಜ್ಯಕ್ಕೆ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ. ‘ನಿಧಿ’ ಅಂದಕೂಡಲೇ ಚಿನ್ನದ ಕೊಪ್ಪರಿಗೆ ನೆನಪಾಗುತ್ತದೆ, ಅಲ್ವಾ? ಕಾನೂನಿನಲ್ಲಿ ಅದರ ಅರ್ಥ ಅಷ್ಟು ಚಿಕ್ಕದಲ್ಲ. ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಯಾವುದಾದರೂ ಅದರೊಳಗೆ ಬರುತ್ತದೆ.

ಮೂರನೆಯದು ಸಂರಕ್ಷಿತ ಸ್ಮಾರಕಗಳ ಕಾಯ್ದೆಗಳು, ಕೇಂದ್ರದ್ದು 1958ರದು, ರಾಜ್ಯದ್ದು 1961ರದು. ಸಂರಕ್ಷಿತ ನೆಲೆಯಿಂದ ಒಂದು ಬೋಕಿ ಚೂರನ್ನೂ ಎತ್ತಬಾರದು. ಟ್ರೆಕ್ಕಿಂಗ್‌ಗೆ ಹೋದವರು ಹಿರೇಬೆಣಕಲ್ಲಿನ ಮೋರೇರ ಗುಡ್ಡದಿಂದಲೋ ಹಂಪಿಯಿಂದಲೋ ನೆನಪಿಗೆ ಅಂತ ಚೂರೊಂದನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ದಯವಿಟ್ಟು ಬೇಡ.

2. ಕೊಳ್ಳುವ ಮೊದಲು ಆರು ತಿಂಗಳು ಬರೀ ನೋಡಿ

ಸಂತೆಯಲ್ಲಿ ಮಡಕೆ ತಗೊಳ್ಳುವಾಗ ನಮ್ಮ ಅಮ್ಮಂದಿರು ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಿದ್ದರು. ಸೀಳಿದ್ದು ಯಾವುದು, ಗಟ್ಟಿ ಯಾವುದು ಎಂದು ಅವರ ಕಿವಿಗೇ ಗೊತ್ತಾಗುತ್ತಿತ್ತು. ನೂರಾರು ಮಡಕೆ ತಟ್ಟಿ ಬಂದ ಅಭ್ಯಾಸ ಅದು. ಹಳೇ ವಸ್ತುವಿಗೆ ಕಣ್ಣನ್ನು ಹೀಗೆ ಪಳಗಿಸಬೇಕು.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ, ಬಳ್ಳಾರಿಯಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ, ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆ, ಸನ್ನತಿಯ ಶಿಲ್ಪಗಳಿಗಾಗಿ ಕಲಬುರಗಿ, ದೆಹಲಿಗೆ ಹೋದರೆ ರಾಷ್ಟ್ರೀಯ ಮ್ಯೂಸಿಯಂನ ಹರಪ್ಪ ಗ್ಯಾಲರಿ. ಒಂದು ಸಲ ಸುತ್ತಿ ಬಂದರೆ ಸಾಲದು. ಒಂದೇ ಬಗೆಯ ವಸ್ತು ಆರಿಸಿಕೊಂಡು ಮತ್ತೆ ಮತ್ತೆ ನೋಡಿ.

ನಾನು ಶುರು ಮಾಡಿ ಎನ್ನುವುದು ಕಪ್ಪು-ಕೆಂಪು ಮಡಕೆಯಿಂದ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗ ಮೂರು ಕಾಲದ ಪದರುಗಳು ಒಂದರ ಮೇಲೊಂದು ಸಿಕ್ಕವು. ಕೆಳಗೆ ಕಲ್ಲಿನ ಕೊಡಲಿಯವರ ಕಾಲದ, ಕೈಯಲ್ಲೇ ತಟ್ಟಿ ಮಾಡಿದ ಬೂದು ಮಡಕೆ. ಅದರ ಮೇಲೆ ಬೃಹತ್ ಶಿಲಾ ಸಮಾಧಿಯವರ ಕಪ್ಪು-ಕೆಂಪು ಮಡಕೆ. ಅದಕ್ಕೂ ಮೇಲೆ ಶಾತವಾಹನರ ಹೊತ್ತಿನದು. ಬೃಹತ್ ಶಿಲಾ ಸಮಾಧಿ ಅಂದರೆ ದೊಡ್ಡ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ಗೋರಿ. ಎಷ್ಟೋ ಊರುಗಳಲ್ಲಿ ಅದನ್ನು ‘ಪಾಂಡವರ ಮನೆ’ ಅನ್ನುತ್ತಾರೆ.

ಆ ಮಡಕೆಯನ್ನು ಹತ್ತಿರದಿಂದ ನೋಡಿ. ಒಳಗೆಲ್ಲ ಕಪ್ಪು. ಹೊರಗೆ ಬಾಯಿಯ ಸುತ್ತ ಕಪ್ಪು, ಕೆಳಗೆ ಕೆಂಪು. ಎರಡೂ ಬಣ್ಣ ಸೇರುವ ಕಡೆ ಗೆರೆ ಎಳೆದ ಹಾಗಿರುವುದಿಲ್ಲ, ಮೋಡದ ಅಂಚಿನಂತೆ ಒಂದರೊಳಗೊಂದು ಕರಗಿರುತ್ತದೆ. ಇದಕ್ಕೆ ಬಣ್ಣ ಬಳಿದಿಲ್ಲ. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಬೂದಿ, ಹೊಟ್ಟಿನಲ್ಲಿ ಹೂತ ಬಾಯಿಗೂ ಒಳಭಾಗಕ್ಕೂ ಗಾಳಿ ಸಿಗದೆ ಕಪ್ಪಾಯಿತು. ಗಾಳಿ ತಾಗಿದ ಹೊರಮೈ ಕೆಂಪಾಯಿತು ಎಂಬುದು ವಾಡಿಕೆಯ ವಿವರಣೆ. ಒಡೆದ ಅಂಚಿನಲ್ಲಿ ಕಪ್ಪು ಮತ್ತು ಕೆಂಪು ಎರಡೂ ಪದರು ಕಾಣುತ್ತವೆ. ಮೈಯನ್ನು ನುಣುಪು ಕಲ್ಲಿನಿಂದ ಉಜ್ಜಿದ್ದರಿಂದ ಟಾರ್ಚ್ ಓರೆಯಾಗಿ ಹಿಡಿದರೆ ಸಣ್ಣ ಸಣ್ಣ ಉಜ್ಜುಗೆರೆಗಳು ಹೊಳೆಯುತ್ತವೆ. ಇಷ್ಟು ಕಣ್ಣಿಗೆ ಕೂತುಬಿಟ್ಟರೆ ಮೇಲೆ ಕಪ್ಪು ಪೇಂಟ್ ಹೊಡೆದ ಗಡಿಗೆಯನ್ನು ಯಾರೂ ನಿಮಗೆ ಮಾರಲಾರರು.

3. ಪೂರ್ವಾಪರ ವಿಚಾರಿಸಿ

ಮದುವೆಗೆ ಮುಂಚೆ ಮನೆತನ, ಊರು, ನೆಂಟರು ಎಲ್ಲ ವಿಚಾರಿಸುತ್ತೇವೆ. ವಸ್ತುವಿಗೂ ಹಾಗೇ. ಅದು ಎಲ್ಲಿ ಸಿಕ್ಕಿತು, ಯಾವಾಗ, ಆಮೇಲೆ ಯಾರ ಯಾರ ಕೈಯಲ್ಲಿತ್ತು, ಪ್ರತಿ ಸಲ ಕೈ ಬದಲಾದಾಗಲೂ ಕಾಗದ ಇದೆಯಾ? ಇದೇ ಪೂರ್ವಾಪರ. ನನ್ನ ಮಟ್ಟಿಗೆ ಪೂರ್ವಾಪರ ಇಲ್ಲದ ಪ್ರಾಚೀನ ವಸ್ತು ಎಷ್ಟೇ ಚೆಂದ ಇದ್ದರೂ ಕೊಳ್ಳಬಾರದು. ಇದರಲ್ಲಿ ರಿಯಾಯಿತಿ ಇಲ್ಲ.

ಕಾರಣ ಕಾನೂನು ಮಾತ್ರ ಅಲ್ಲ. ರಾಬರ್ಟ್ ಬ್ರೂಸ್ ಫೂಟ್ ಅವರು ದಕ್ಷಿಣ ಭಾರತ ಸುತ್ತಿ ಕಲ್ಲಿನ ಆಯುಧ, ಮಡಕೆ ಚೂರು ಕೂಡಿಟ್ಟರು. ಅವರ ಸಂಗ್ರಹ ಚೆನ್ನೈನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಇವತ್ತಿಗೂ ಅದು ಸಂಶೋಧಕರಿಗೆ ಉಪಯೋಗಕ್ಕೆ ಬರುವುದು ಯಾಕೆ? ಚೂರು ಸಿಕ್ಕ ಊರಿನ ಹೆಸರನ್ನು ಅವರು ಬರೆದಿಟ್ಟಿದ್ದರಿಂದ. ಊರು ಗೊತ್ತಿಲ್ಲದ ಚೂರಿನಿಂದ ನಾವು ಕಲಿಯುವುದು ತುಂಬ ಕಡಿಮೆ. ಕಳ್ಳರು ರಾತ್ರಿ ಗೋರಿ ಅಗೆದು ಒಂದು ಗಡಿಗೆ ತೆಗೆಯುವಾಗ ಅದರ ಸುತ್ತ ಇದ್ದ ಮೂಳೆ, ಕಾಳು, ಕಬ್ಬಿಣ, ಮಣಿ ಎಲ್ಲವನ್ನೂ ಕೆಡಿಸಿ ಹೋಗಿರುತ್ತಾರೆ. ಕಾಗದವಿಲ್ಲದ ಗಡಿಗೆ ಕೊಂಡವರು ಮುಂದಿನ ಗೋರಿ ಅಗೆಯಲು ದುಡ್ಡು ಕೊಟ್ಟ ಹಾಗೆ.

ಕಾಗದವಿದ್ದರೂ ಓದಿ ನೋಡಿ. ತಮಿಳುನಾಡಿನ ಶ್ರೀಪುರಂಧಾನ್ ದೇವಸ್ಥಾನದಿಂದ ಕಳವಾದ ನಟರಾಜನನ್ನು ಆಸ್ಟ್ರೇಲಿಯದ ನ್ಯಾಷನಲ್ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಅಮೆರಿಕನ್ ಡಾಲರ್ ಕೊಟ್ಟು ಕೊಂಡಿತು. ಹಳೇ ಮಾಲೀಕರ ಪತ್ರವೆಂದು ಕೊಟ್ಟ ಕಾಗದ ಸುಳ್ಳಾಗಿತ್ತು. ದೇವಸ್ಥಾನದಲ್ಲೇ ತೆಗೆದ ಹಳೇ ಫೋಟೋಗಳು ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದವು, ವಿಗ್ರಹ ತಾಳೆಯಾಯಿತು. 2014ರಲ್ಲಿ ನಟರಾಜ ಭಾರತಕ್ಕೆ ಮರಳಿದ. ಮಾರಿದ ಸುಭಾಷ್ ಕಪೂರ್ ಎಂಬ ವ್ಯಾಪಾರಿಗೆ ಇನ್ನೊಂದು ದೇವಸ್ಥಾನದ ವಿಗ್ರಹ ಕಳವಿನ ಪ್ರಕರಣದಲ್ಲಿ 2022ರಲ್ಲಿ ಕುಂಭಕೋಣಂ ಕೋರ್ಟು 10 ವರ್ಷ ಶಿಕ್ಷೆ ವಿಧಿಸಿತು. ಅಷ್ಟು ದೊಡ್ಡ ಸಂಸ್ಥೆಯೇ ಮೋಸ ಹೋಗಿದೆ ಅಂದಮೇಲೆ ನಾವು ನೀವು ಎಷ್ಟು ಎಚ್ಚರ ಇರಬೇಕು ನೋಡಿ. (ನಿಮ್ಮೂರಿನ ಗುಡಿಯ ವಿಗ್ರಹ, ವೀರಗಲ್ಲು, ಮಾಸ್ತಿಗಲ್ಲುಗಳ ಫೋಟೋ ಇಲ್ಲದಿದ್ದರೆ ಈ ವಾರವೇ ತೆಗೆದಿಡಿ. ಮುಂದೆ, ಪಕ್ಕ, ಹಿಂದೆ, ಒಡೆದ ಜಾಗ, ಎಲ್ಲವೂ.)

ಮಾರುವವರನ್ನು ಇಷ್ಟು ಕೇಳಿ: ಲೈಸೆನ್ಸ್ ನಂಬರ್ ಏನು? ಇದರ ನೋಂದಣಿ ಪ್ರಮಾಣಪತ್ರ ಎಲ್ಲಿ? ಪತ್ರದಲ್ಲಿರುವ ಫೋಟೋ ಮತ್ತು ಅಳತೆ ಈ ವಸ್ತುವಿಗೆ ಹೊಂದುತ್ತದಾ? ಬಿಲ್ಲಿನಲ್ಲಿ ಕಾಲ, ವಸ್ತುವಿನ ಹೆಸರು ಬರೆದುಕೊಡುತ್ತೀರಾ? ‘ಬಿಲ್ ಯಾಕೆ ಸಾರ್, ನಂಬಿಕೆ ಮೇಲೆ ನಡೆಯೋ ವ್ಯವಹಾರ’ ಅಂದರೆ ಅಲ್ಲಿಂದ ಎದ್ದು ಬನ್ನಿ. ‘ಹಳೇ ಮನೆತನದ ಸಂಗ್ರಹ’ ಎಂದು ಹೇಳಿ ಮನೆತನದ ಹೆಸರು ಹೇಳದಿದ್ದರೂ ಅಷ್ಟೇ.

4. ನಕಲಿಯಾ, ನೋಡಿ

ಕಲ್ಲಿನ ಶಿಲ್ಪದಲ್ಲಿ ಮೊದಲು ಸಂದುಗಳನ್ನು ನೋಡಿ. ಕಿವಿಯ ಹಿಂದೆ, ಆಭರಣದ ಮಡಿಕೆಯಲ್ಲಿ, ಪೀಠದ ಅಡಿಯಲ್ಲಿ. ಭೂತಗನ್ನಡಿಯಲ್ಲಿ ಒಂದೇ ಸಮ ಸಾಲಾಗಿ ಗೀರು ಕಂಡರೆ ಅದು ಗ್ರೈಂಡರ್ ಮೆಷಿನ್ ಗುರುತು. ಶತಮಾನಗಟ್ಟಲೆ ಮಳೆ ಬಿಸಿಲಿಗೆ ನಿಂತ ಕಲ್ಲು ಎಲ್ಲ ಕಡೆ ಒಂದೇ ಥರ ಸವೆಯುವುದಿಲ್ಲ. ತಲೆ, ಭುಜ ಜಾಸ್ತಿ, ಗಲ್ಲದ ಕೆಳಗೆ ಕಡಿಮೆ. ಮೂಗು ಒಡೆದ ಜಾಗದ ಬಣ್ಣ ಕೆನ್ನೆಯ ಬಣ್ಣಕ್ಕೆ ತೀರಾ ಸರಿಸಮ ಇದ್ದರೆ ಒಡೆದು, ಆಮೇಲೆ ಬಣ್ಣ ಕುಡಿಸಿರುವ ಸಾಧ್ಯತೆ ಇದೆ.

ಮಡಕೆಗೆ ಅಂಟಿದ ಮಣ್ಣನ್ನು ನೋಡಿ. ಒದ್ದೆ ಹತ್ತಿಯಿಂದ ಒಂದು ಮೂಲೆಯಲ್ಲಿ ಮೆಲ್ಲಗೆ ಒತ್ತಿ. ಸಾಮಾನ್ಯ ಮಣ್ಣು ನೆನೆದು ಮೆತ್ತಗಾಗುತ್ತದೆ. ಗೋಂದು ಬೆರೆಸಿ ಮೆತ್ತಿದ ಮಣ್ಣು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ‘ನಾಲಿಗೆಗೆ ಹಚ್ಚಿ ನೋಡಿ, ಅಂಟಿದರೆ ಹಳೇದು’ ಎಂದು ಹೇಳುವವರಿದ್ದಾರೆ. ಕಡಿಮೆ ಸುಟ್ಟ ಹೊಸ ಮಡಕೆಯೂ ಅಂಟುತ್ತದೆ, ಆ ಪರೀಕ್ಷೆ ನಂಬಬೇಡಿ.

ಪ್ರಯೋಗಾಲಯದ ಪರೀಕ್ಷೆಯೂ ಇದೆ. ಹೆಸರು ಥರ್ಮೋಲುಮಿನೆಸೆನ್ಸ್, ಚಿಕ್ಕದಾಗಿ ಟಿಎಲ್. ಮಣ್ಣಿನಲ್ಲಿರುವ ಹರಳುಕಣಗಳು ಸುತ್ತಲಿನ ಸಹಜ ವಿಕಿರಣದ ಶಕ್ತಿಯನ್ನು ವರ್ಷ ವರ್ಷ ಕೂಡಿಡುತ್ತವೆ. ಆವಿಗೆಯಲ್ಲಿ ಸುಟ್ಟಾಗ ಅದೆಲ್ಲ ಖಾಲಿಯಾಗಿ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. ಮಡಕೆಯ ಅಡಿಯಿಂದ ಚಿಟಿಕೆ ಪುಡಿ ಕೊರೆದು ಮತ್ತೆ ಬಿಸಿ ಮಾಡಿದರೆ ಆ ಶಕ್ತಿ ಮಿಣುಕು ಬೆಳಕಾಗಿ ಹೊರಬರುತ್ತದೆ. ಬೆಳಕು ಎಷ್ಟು ಅನ್ನುವುದರಿಂದ ಸುಟ್ಟು ಎಷ್ಟು ಕಾಲವಾಯಿತು ಎಂದು ಅಂದಾಜು ಸಿಗುತ್ತದೆ.

ಇದರಿಂದ ದೊಡ್ಡ ಮೋಸ ಬಯಲಾಗಿದೆ. ಟರ್ಕಿಯ ಹಜಿಲಾರ್ ಎಂಬಲ್ಲಿ ಸಾವಿರಾರು ವರ್ಷ ಹಿಂದಿನ ಮಡಕೆ, ಗೊಂಬೆ ಸಿಕ್ಕ ಮೇಲೆ ಅಂಥವೇ ಮಾರುಕಟ್ಟೆಗೆ ರಾಶಿ ರಾಶಿ ಬಂದವು. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು 66 ವಸ್ತುಗಳನ್ನು ಪರೀಕ್ಷಿಸಿ 1971ರಲ್ಲಿ ಫಲಿತಾಂಶ ಪ್ರಕಟಿಸಿದರು: 48 ನಕಲಿ. ಅವುಗಳಲ್ಲಿ ಹೆಸರಾಂತ ಮ್ಯೂಸಿಯಂಗಳು ಕೊಂಡವೂ ಇದ್ದವು.

ಟಿಎಲ್‌ಗೂ ಮಿತಿ ಇದೆ. ಸುಡದ ಕಲ್ಲಿಗೆ ಇದು ನಡೆಯುವುದಿಲ್ಲ. ಹಳೇ ಸಾದಾ ಮಡಕೆಯ ಮೇಲೆ ಹೊಸದಾಗಿ ಚಿತ್ರ ಬರೆದಿದ್ದರೆ ಟಿಎಲ್ ‘ಹಳೇದು’ ಎಂದೇ ಹೇಳುತ್ತದೆ. ಆಗ ಬಣ್ಣವನ್ನೇ ಪರೀಕ್ಷಿಸಬೇಕು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 1915ರಿಂದ 1921ರ ನಡುವೆ ಕೊಂಡ ಎಟ್ರುಸ್ಕನ್ (ಇಟಲಿಯ ಒಂದು ಪ್ರಾಚೀನ ಜನಾಂಗ) ಯೋಧರ ಮಣ್ಣಿನ ಪ್ರತಿಮೆಗಳು ಸಿಕ್ಕಿಬಿದ್ದದ್ದು ಬಣ್ಣದಿಂದಲೇ. ಕಪ್ಪು ಲೇಪದಲ್ಲಿ ಮ್ಯಾಂಗನೀಸ್ ಸಿಕ್ಕಿತು. ಆ ಕಾಲದವರು ಕಪ್ಪು ಬಣ್ಣಕ್ಕೆ ಅದನ್ನು ಬಳಸುತ್ತಿರಲಿಲ್ಲ. 1961ರಲ್ಲಿ ಅವನ್ನು ಮಾಡಿದವರಲ್ಲಿ ಒಬ್ಬ ಒಪ್ಪಿಕೊಂಡ. ಒಬ್ಬ ಯೋಧನ ಕೈಯಲ್ಲಿ ಇಲ್ಲದಿದ್ದ ಹೆಬ್ಬೆರಳು ಅವನ ಹತ್ತಿರವೇ ಇತ್ತು.

5. ನೋಂದಣಿ ಮಾಡಿಸಿ

ಕಲ್ಲು, ಸುಟ್ಟ ಮಣ್ಣು, ಲೋಹ, ದಂತ, ಮೂಳೆ, ಮರದ ಶಿಲ್ಪಗಳು, ಹಳೇ ಚಿತ್ರಗಳು, ಚಿತ್ರವಿರುವ ಹಸ್ತಪ್ರತಿಗಳು ನೂರು ವರ್ಷ ದಾಟಿದ್ದರೆ ನೋಂದಣಿ ಆಗಬೇಕು. ಮನೆಯ ದೇವರಕೋಣೆಯ ವಿಗ್ರಹವೂ ಇದರಲ್ಲಿ ಬರುತ್ತದೆ. ಸಾದಾ ಮಡಕೆ ಶಿಲ್ಪವಲ್ಲ, ಆದರೆ ಅದೂ ಪುರಾವಸ್ತುವೇ. ಹಾಗಾಗಿ ಮಡಕೆಯ ಬಗ್ಗೆಯೂ ನೋಂದಣಿ ಅಧಿಕಾರಿಯನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಅರ್ಜಿಯ ಜೊತೆ ಫೋಟೋ, ಅಳತೆ, ವಿವರ, ಅದು ನಿಮ್ಮ ಕೈಗೆ ಬಂದ ಬಗೆ ಕೊಡಬೇಕು. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಕಚೇರಿ ಅಥವಾ ರಾಜ್ಯದ ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿದರೆ ನಿಮ್ಮ ಜಿಲ್ಲೆಗೆ ಯಾರು ಅಧಿಕಾರಿ ಎಂದು ತಿಳಿಸುತ್ತಾರೆ. ‘ನೋಂದಣಿ ಮಾಡಿಸಿದರೆ ಸರ್ಕಾರ ಎತ್ತಿಕೊಂಡು ಹೋಗುತ್ತದೆ’ ಎಂಬ ಹೆದರಿಕೆ ತುಂಬ ಜನಕ್ಕಿದೆ. ನೋಂದಣಿಯಿಂದ ಮಾಲೀಕತ್ವ ಹೋಗುವುದಿಲ್ಲ. ವಿಗ್ರಹ ಕಳುವಾದರೆ ಪೊಲೀಸರಿಗೆ ತೋರಿಸಲು ನಿಮ್ಮ ಹತ್ತಿರ ಇರುವ ಗಟ್ಟಿ ಆಧಾರ ಅದೇ. ಆಮೇಲೆ ಬೇರೆಯವರಿಗೆ ಕೊಟ್ಟರೆ ಅದನ್ನೂ ಅಧಿಕಾರಿಗೆ ತಿಳಿಸಬೇಕು.

6. ನೆಲದಲ್ಲಿ ಸಿಕ್ಕಿದರೆ

ಪಾಯ ತೋಡುವಾಗ, ಬಾವಿ ಅಗೆಯುವಾಗ, ಬೇಚರಾಕ್ (ಜನ ಬಿಟ್ಟುಹೋದ) ಊರಿನ ದಿಬ್ಬದಲ್ಲಿ, ಎಲ್ಲಿ ಸಿಕ್ಕಿದರೂ ಮೊದಲು ಗುದ್ದಲಿ ಕೆಳಗಿಡಿ. ವಸ್ತುವನ್ನು ಎತ್ತಬೇಡಿ, ತೊಳೆಯಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಸರ್ವೆ ನಂಬರು, ಎಷ್ಟು ಅಡಿ ಆಳ, ದಿನಾಂಕ ಬರೆದುಕೊಳ್ಳಿ. ತಹಶೀಲ್ದಾರ್ ಅಥವಾ ಡಿಸಿ ಕಚೇರಿಗೆ ಬರಹದಲ್ಲಿ ತಿಳಿಸಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ.

ಗಡಿಗೆಯೊಳಗಿನ ಮಣ್ಣನ್ನು ಮಾತ್ರ ಯಾವ ಕಾರಣಕ್ಕೂ ಸುರಿಯಬೇಡಿ. ಅದರಲ್ಲಿ ಸುಟ್ಟ ರಾಗಿಯೋ ಹುರುಳಿಯೋ ಇರಬಹುದು, ಮಗುವಿನ ಮೂಳೆಯೂ ಇರಬಹುದು. ಆ ಮನೆಯವರು ಏನು ತಿಂದರು, ಯಾರನ್ನು ಕಳೆದುಕೊಂಡರು ಎಂದು ತಿಳಿಯಲು ಬೇರೆ ದಾರಿ ಇಲ್ಲ.

ಭಿನ್ನವಾದ ಹಳೇ ವಿಗ್ರಹ ಸಿಕ್ಕಿದರೆ ಹೊಳೆಗೆ ಬಿಡುವ ಪದ್ಧತಿ ನಮ್ಮಲ್ಲಿದೆ. ಹೊಸ ವಿಗ್ರಹಕ್ಕೆ ಅದು ಸರಿ. ಹಳೇದನ್ನು ಬಿಡಬೇಡಿ, ಇಲಾಖೆಗೆ ಹೇಳಿ.

7. ಹೊರದೇಶದಲ್ಲಿರುವ ಕನ್ನಡಿಗರಿಗೆ

ಲಂಡನ್, ನ್ಯೂಜೆರ್ಸಿಯಲ್ಲಿ ರೋಮನ್ ಎಣ್ಣೆದೀಪ, ಗ್ರೀಕ್ ಕುಡಿಕೆ, ಈಜಿಪ್ಟಿನ ಪುಟ್ಟ ಗೊಂಬೆ ಅಂಗಡಿಯಲ್ಲೇ ಸಿಗುತ್ತವೆ. ಕೊಳ್ಳುವುದಾದರೆ 1970 ಎಂಬ ವರ್ಷ ನೆನಪಿಡಿ. ಕಳ್ಳಸಾಗಣೆ ತಡೆಯುವ ಯುನೆಸ್ಕೊ ಒಪ್ಪಂದದ ವರ್ಷ ಅದು, ಭಾರತ 1977ರಲ್ಲಿ ಸೇರಿತು. ವಸ್ತು 1970ಕ್ಕೆ ಮೊದಲೇ ಮೂಲದೇಶದಿಂದ ಹೊರಬಂದಿದೆ ಎನ್ನಲು ಹಳೇ ಹರಾಜು ಪಟ್ಟಿ, ಫೋಟೋ ಅಥವಾ ಬಿಲ್ಲು ಬೇಕು. ಅಷ್ಟಿದ್ದರೂ ಮೂಲದೇಶದ ಕಾನೂನು ನೋಡಿ. ಟರ್ಕಿ 1906ರಲ್ಲೇ, ಇಟಲಿ 1909ರಲ್ಲೇ ಕಾನೂನು ಮಾಡಿವೆ; ಈಜಿಪ್ಟ್ 1983ರಲ್ಲಿ ವ್ಯಾಪಾರವನ್ನೇ ನಿಲ್ಲಿಸಿತು. ಆರ್ಟ್ ಲಾಸ್ ರಿಜಿಸ್ಟರ್ ಎಂಬ ಸಂಸ್ಥೆ ಕಳುವಾದ ಕಲಾವಸ್ತುಗಳ ಪಟ್ಟಿ ಇಟ್ಟಿದೆ, ಶುಲ್ಕ ಕೊಟ್ಟರೆ ಹುಡುಕಿ ಪತ್ರ ಕೊಡುತ್ತದೆ. ಅದು ಪೂರ್ತಿ ಭರವಸೆ ಅಲ್ಲ. ನೆಲದಿಂದ ನೇರ ಕದ್ದದ್ದು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಊರಿನಿಂದ ಹೊಸ ವಿಗ್ರಹ ಒಯ್ಯುವವರಿಗೂ ಒಂದು ಮಾತು. ಏರ್‌ಪೋರ್ಟ್‌ನಲ್ಲಿ ಕಸ್ಟಮ್ಸ್‌ನವರಿಗೆ ಅನುಮಾನ ಬಂದರೆ ನಿಲ್ಲಿಸುತ್ತಾರೆ. ‘ಇದು ಪುರಾವಸ್ತು ಅಲ್ಲ’ ಎಂಬ ಪ್ರಮಾಣಪತ್ರವನ್ನು ಪುರಾತತ್ವ ಸರ್ವೇಕ್ಷಣೆಯಿಂದ ಮುಂಚೆಯೇ ಪಡೆಯಿರಿ. ಟಿಕೆಟ್ ಬುಕ್ ಆದ ಮೇಲೆ ಓಡಾಡಬೇಡಿ.

8. ಮನೆಗೆ ತಂದ ಮೇಲೆ

ಮಡಕೆಯನ್ನು ಕಂಠ ಹಿಡಿದು ಎತ್ತಬೇಡಿ. ಒಂದು ಕೈ ಅಡಿಗೆ, ಒಂದು ಕೈ ಪಕ್ಕಕ್ಕೆ. ಗುಂಡಗಿನ ಅಡಿ ಇದ್ದರೆ ಬಟ್ಟೆಯ ಸಿಂಬೆ ಮಾಡಿ ಅದರ ಮೇಲೆ ಕೂರಿಸಿ. ಇದಕ್ಕಿಂತ ಒಳ್ಳೆ ಸ್ಟ್ಯಾಂಡ್ ಯಾವ ಅಂಗಡಿಯಲ್ಲೂ ಇಲ್ಲ.

ಮೈಮೇಲೆ ಬಿಳಿ ಹುಡಿ ಕಂಡರೆ ಒಳಗಿನ ಉಪ್ಪು ಹೊರಬರುತ್ತಿದೆ ಎಂದರ್ಥ. ಮಳೆಗಾಲದಲ್ಲಿ ಕರಗುತ್ತದೆ, ಬೇಸಿಗೆಯಲ್ಲಿ ಹರಳುಗಟ್ಟಿ ಮಡಕೆಯ ಮೈಯನ್ನೇ ಹಕ್ಕಳೆಯಾಗಿ ಎಬ್ಬಿಸುತ್ತದೆ. ನಲ್ಲಿ ನೀರಲ್ಲಿ ತೊಳೆಯಬೇಡಿ, ಸಂರಕ್ಷಣೆ ಕಲಿತವರಿಗೆ ತೋರಿಸಿ. ಒಡೆದರೆ ಫೆವಿಕ್ವಿಕ್, ಎಂ-ಸೀಲ್ ಮುಟ್ಟಲೇಬೇಡಿ. ಮ್ಯೂಸಿಯಂನವರು ಬಳಸುವುದು ಪ್ಯಾರಲಾಯ್ಡ್ ಬಿ-72 ಎಂಬ ಅಂಟು. ಬೇಡವಾದರೆ ಅಸಿಟೋನ್ ಹಾಕಿ ಬಿಡಿಸಬಹುದು.

ಕಂಚಿಗೆ ಹುಣಸೆಹಣ್ಣು, ಪಾತ್ರೆ ಬೆಳಗುವ ಪುಡಿ ಹಚ್ಚಬೇಡಿ. ಕಾಲದಿಂದ ಬಂದ ಗಟ್ಟಿ ಹಸಿರು-ಕಂದು ಪದರು ಲೋಹವನ್ನು ಕಾಯುತ್ತದೆ. ಆದರೆ ತಿಳಿಹಸಿರು ಪುಡಿ ಚುಕ್ಕೆ ಚುಕ್ಕೆಯಾಗಿ ಉದುರುತ್ತಿದ್ದರೆ ಅದು ‘ಕಂಚಿನ ರೋಗ’, ಕ್ಲೋರೈಡ್ ಉಪ್ಪು ಮತ್ತು ತೇವದಿಂದ ಬರುವಂಥದ್ದು. ಕರಾವಳಿಯವರು ವಿಶೇಷವಾಗಿ ಗಮನಿಸಿ. ಬೇರೆ ವಸ್ತುಗಳಿಂದ ದೂರ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲಿಟ್ಟು ತಜ್ಞರನ್ನು ಕರೆಯಿರಿ. ಕಲ್ಲಿಗೆ ಎಣ್ಣೆ, ಬಣ್ಣ, ಸುಣ್ಣ ಯಾವುದೂ ಬೇಡ.

ಇಷ್ಟೆಲ್ಲ ರಗಳೆ ಬೇಡ ಅನಿಸಿದವರು ಹೊಸದನ್ನೇ ಕೊಳ್ಳಿ, ಅದರಲ್ಲಿ ಕಡಿಮೆಯೇನೂ ಇಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳು ಕಡೆದ ಮೂರ್ತಿ, ಖಾನಾಪುರದ ಕುಂಬಾರಿಕೆ, ಮ್ಯೂಸಿಯಂಗಳ ಪ್ರತಿಕೃತಿಗಳು. ನನ್ನ ಮನೆಯಲ್ಲಿರುವ ಕಪ್ಪು-ಕೆಂಪು ಬಟ್ಟಲು ಕುಂಬಾರರೊಬ್ಬರಿಗೆ ಹೇಳಿ ಬೋರಲು ಸುಡಿಸಿದ್ದು. ಮೂರು ಸಲ ಪೂರ್ತಿ ಕೆಂಪಾಗಿ ಬಂತು. ನಾಲ್ಕನೇ ಸಲ ಹೊಟ್ಟು ಜಾಸ್ತಿ ಹಾಕಿದಾಗ ಬಾಯಿ ಕಪ್ಪಾಯಿತು. ಹಳೇ ಕುಂಬಾರರ ಕೈಚಳಕ ಎಂಥದ್ದು ಎಂದು ನನಗೆ ಅವತ್ತು ಗೊತ್ತಾಯಿತು.

9. ನೋಟ್‌ಬುಕ್ಕಿನಲ್ಲಿ ಬರೆಯಿರಿ

ಒಂದು ವಸ್ತುವಿಗೆ ಒಂದು ಪುಟ. ಕ್ರಮಸಂಖ್ಯೆ, ಏನು, ಯಾವುದರಿಂದ ಮಾಡಿದ್ದು (ಮಣ್ಣು, ಕಲ್ಲು, ಕಂಚು), ಎತ್ತರ, ಅಗಲ, ತೂಕ, ಒಡಕು ಎಲ್ಲಿದೆ, ಸಿಕ್ಕ ಜಾಗ, ಹಿಂದಿನ ಮಾಲೀಕರು, ಕೊಂಡ ದಿನ, ಬಿಲ್ ನಂಬರ್, ನೋಂದಣಿ ನಂಬರ್. ವಸ್ತುವಿನ ಮೇಲೆ ಪೆನ್ನಿನಲ್ಲಿ ನೇರವಾಗಿ ಬರೆಯಬೇಡಿ. ಚೀಟಿಗೆ ದಾರ ಪೋಣಿಸಿ ಕಟ್ಟಿ. ಬೇರೆಯವರಿಂದ ಕೇಳಿದ ಮಾತಾದರೆ ‘ಹೇಳಿಕೆ’ ಎಂದು ಪಕ್ಕದಲ್ಲಿ ಗುರುತು ಹಾಕಿ. ನೀವೇ ಕಾಗದ ನೋಡಿದ್ದರೆ ‘ನೋಡಿದ್ದೇನೆ’ ಎಂದು ಬರೆಯಿರಿ.

ಮನೆಯಲ್ಲಿ ಇನ್ನೊಬ್ಬರಿಗಾದರೂ ಈ ನೋಟ್‌ಬುಕ್ ಎಲ್ಲಿದೆ ಎಂದು ಗೊತ್ತಿರಲಿ. ಪಹಣಿ, ಕ್ರಯಪತ್ರ ಇಡುವ ಬೀರುವಿನಲ್ಲೇ ಇದನ್ನೂ ಇಡಿ, ನೋಂದಣಿ ಪತ್ರದ ಒಂದು ಜೆರಾಕ್ಸ್ ಅದರ ರಟ್ಟಿನೊಳಗೆ ಸೇರಿಸಿ.